ನಿದ್ರೆಯ ಲೆಕ್ಕ

‘ಹಸಿವು ರುಚಿಯನ್ನರಿಯದು, ನಿದ್ದೆ ಸುಖವನ್ನರಿಯದು’ ಎಂಬುದು ನಮ್ಮ ಹಿರಿಯರ ಮಾತು. ಹಸಿದವನಿಗೆ ತಂಗಳೂ ಮೃಷ್ಟಾನ್ನವಾಗುವಂತೆ, ದಣಿದವನಿಗೆ ಕಲ್ಲು ಚಪ್ಪಡಿಯೂ ಹಂಸತೂಲಿಕಾತಲ್ಪವಾಗುತ್ತದೆ. ಅನ್ನ ನೀರುಗಳಂತೆಯೇ ನಿದ್ರೆಯೂ ಜೀವಕ್ಕೆ ಅತ್ಯಗತ್ಯವಾದುದು ಎಂಬುದನ್ನು ಈ ಗಾದೆ ಸಾರುತ್ತದೆ. ಆಯುರ್ವೇದದ ಆಚಾರ್ಯನಾದ ಚರಕನು ದೇಹವೆಂಬ ಮನೆಯನ್ನು ಎತ್ತಿ ಹಿಡಿದಿರುವ ಮೂರು ಊರೆಗಂಬಗಳಲ್ಲಿ ಆಹಾರದ ಜೊತೆಗೆ ನಿದ್ರೆಯನ್ನೂ ಎಣಿಸಿದ್ದಾನೆ.

ಹಾಗಿದ್ದರೂ ನಿದ್ರೆಯ ವಿಷಯದಲ್ಲಿ ಮನುಷ್ಯನಿಗೆ ಒಂದು ಬಗೆಯ ಅಸಮಾಧಾನ ಹಿಂದಿನಿಂದಲೂ ಇದೆ. ದಿನಕ್ಕೆ 8 ಗಂಟೆ ಮಲಗುವವನು 60 ವರ್ಷ ಬದುಕಿದರೆ, ಅದರಲ್ಲಿ 20 ವರ್ಷಗಳನ್ನು ಕಣ್ಣು ಮುಚ್ಚಿಕೊಂಡೇ ಕಳೆದಂತಾಯಿತು. ಈ ಲೆಕ್ಕವನ್ನು ಹಾಕಿದವನಿಗೆ ಎದೆ ಝಲ್ಲೆನ್ನದೆ ಇರದು. ಆರಾರು ತಿಂಗಳು ಮಲಗುವ ಕುಂಭಕರ್ಣನನ್ನು ನೆನೆದು ನಾವು ನಗುತ್ತೇವೆ. ಅರ್ಜುನನನ್ನಾದರೋ ನಿದ್ರೆಯನ್ನು ಗೆದ್ದವನೆಂಬ ಅರ್ಥದಲ್ಲಿ ‘ಗುಡಾಕೇಶ’ ಎಂದು ಕೊಂಡಾಡುತ್ತೇವೆ. ಸಾಧಿಸಬೇಕೆಂಬ ಛಲವುಳ್ಳವರಿಗೆ ನಿದ್ರೆಯು ಆಯುಷ್ಯದ ಕಣಜಕ್ಕೆ ಕನ್ನವಿಕ್ಕುವ ಕಳ್ಳನಂತೆ ತೋರುತ್ತದೆ. ಆ ಕಳ್ಳನಿಂದಲೇ ಕೆಲವು ಗಂಟೆಗಳನ್ನು ಕಿತ್ತುಕೊಳ್ಳಬಾರದೇಕೆ ಎಂದು ಯೋಚಿಸಿದವರು ಹಲವರು. ಅವರು ಕಂಡುಕೊಂಡ ಉಪಾಯಗಳಲ್ಲಿ ‘ತುಂಡುನಿದ್ರೆ’ ಎಂಬುದೂ ಒಂದು.

ದಿನದ ನಿದ್ರೆಯನ್ನು ಒಂದೇ ಸಲಕ್ಕೆ ಮುಗಿಸದೆ, ಹಗಲಿರುಳಿನ 24 ಗಂಟೆಗಳಲ್ಲಿ ಹಲವು ಚಿಕ್ಕ ಚಿಕ್ಕ ಭಾಗಗಳಾಗಿ ಹಂಚಿಕೊಂಡು ಮಲಗುವ ಕ್ರಮವೇ ತುಂಡುನಿದ್ರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಪಾಲಿಫೇಸಿಕ್’ ನಿದ್ರೆ ಎಂದು ಹೆಸರು. ಪ್ರಕೃತಿಯಲ್ಲಿ ಇದು ಹೊಸದೇನೂ ಅಲ್ಲ. ಒಲೆಯ ಬಳಿ ಮುದುಡಿರುವ ಬೆಕ್ಕನ್ನು ನೋಡಿರಿ. ಜಗಲಿಯ ಮೇಲೆ ಮಲಗಿರುವ ನಾಯಿಯನ್ನು ನೋಡಿರಿ. ಅವು ದಿನದಲ್ಲಿ ಎಷ್ಟೋ ಸಲ ಮಲಗಿ ಎಷ್ಟೋ ಸಲ ಏಳುತ್ತವೆ. ತೊಟ್ಟಿಲ ಕೂಸೂ ಹಾಗೆಯೇ. ಅದಕ್ಕೆ ಹಗಲೂ ಒಂದೇ, ಇರುಳೂ ಒಂದೇ. ಬೆಳೆದಂತೆಲ್ಲ ಮಗುವಿನ ನಿದ್ರೆ ಇರುಳಿನಲ್ಲಿ ಒಟ್ಟುಗೂಡುತ್ತದೆ. ದೊಡ್ಡವನಾಗುವ ಹೊತ್ತಿಗೆ ಇರುಳಿನ ನಿದ್ರೆಯೊಂದು, ಕೆಲವರಿಗೆ ಮಧ್ಯಾಹ್ನದ ಚಿಕ್ಕ ಜೊಂಪೊಂದು, ಇಷ್ಟೇ ಉಳಿಯುತ್ತದೆ.

ತುಂಡುನಿದ್ರೆಯ ಪ್ರಯೋಗಶೀಲರು ಈ ಕ್ರಮವನ್ನು ಮತ್ತೆ ಹಿಂದಕ್ಕೆ ತಿರುಗಿಸಲು ಹೊರಡುತ್ತಾರೆ. ನಾಲ್ಕು ಗಂಟೆಗಳಿಗೊಮ್ಮೆ 20 ನಿಮಿಷದಂತೆ ದಿನಕ್ಕೆ ಆರು ಸಲ ಮಲಗಿದರೆ ಎರಡೇ ಗಂಟೆಗಳ ನಿದ್ರೆ ಸಾಕಾಗುತ್ತದೆ ಎನ್ನುವವರು ಕೆಲವರು. ಇರುಳಿನಲ್ಲಿ ಮೂರು ಗಂಟೆ, ಹಗಲಿನಲ್ಲಿ 20 ನಿಮಿಷದ ಮೂರು ಜೊಂಪು, ಒಟ್ಟು ನಾಲ್ಕು ಗಂಟೆಯಾದರೂ ಬೇಕು ಎನ್ನುವವರು ಇನ್ನು ಕೆಲವರು. ಮೊದಲ ಕೆಲವು ದಿನ ಕಷ್ಟವಾದರೂ, ದೇಹವು ಕ್ರಮೇಣ ಪಳಗಿ, ನಿದ್ರೆಯ ಹೊಟ್ಟನ್ನು ತೂರಿ ಕಾಳನ್ನಷ್ಟೇ ಉಳಿಸಿಕೊಳ್ಳುತ್ತದೆ ಎಂಬುದು ಅವರ ವಾದ.

ಈ ಪ್ರಯೋಗವನ್ನು ಮಾಡಿದವರಲ್ಲಿ ಪ್ರಸಿದ್ಧರು ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್. 1895ರಲ್ಲಿ ಜನಿಸಿ 1983ರವರೆಗೆ ಬದುಕಿದ್ದ ಈತ, ತ್ರಿಕೋನಗಳನ್ನು ಜೋಡಿಸಿ ಕಟ್ಟುವ ಹಗುರವಾದ ಗೋಳಾಕಾರದ ಗುಮ್ಮಟಗಳಿಂದ ಜಗದ್ವಿಖ್ಯಾತರಾದ ಶಿಲ್ಪಿ. ಕಡಿಮೆ ಸಾಮಗ್ರಿಯಿಂದ ಹೆಚ್ಚು ಕೆಲಸ ತೆಗೆಯಬೇಕೆಂಬುದು ಅವರ ಜೀವನದ ಸೂತ್ರ. ಅದೇ ಸೂತ್ರವನ್ನು ಅವರು ನಿದ್ರೆಗೂ ಅನ್ವಯಿಸಿದರು. ಆರು ಗಂಟೆಗಳಿಗೊಮ್ಮೆ ಅರ್ಧ ಗಂಟೆಯಂತೆ ದಿನಕ್ಕೆ ಎರಡೇ ಗಂಟೆ ಮಲಗುತ್ತ ತಾವು ಎರಡು ವರ್ಷ ಕಳೆದುದಾಗಿ ಅವರು ಹೇಳಿಕೊಂಡ ಸಂಗತಿಯನ್ನು 1943ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಪ್ರಕಟಿಸಿತು. ಕೊನೆಗೆ ಅವರು ಆ ಕ್ರಮವನ್ನು ಕೈಬಿಟ್ಟುದೂ ನಿಜ. ಅದಕ್ಕೆ ಅವರು ಕೊಟ್ಟ ಕಾರಣ ವಿಚಿತ್ರವಾಗಿದೆ: ತಮ್ಮ ಜೊತೆಯಲ್ಲಿ ವ್ಯವಹರಿಸುತ್ತಿದ್ದವರು ಎಲ್ಲರಂತೆ ಇರುಳಿನಲ್ಲಿ ಮಲಗುತ್ತಿದ್ದರಾದ್ದರಿಂದ ಅವರ ವೇಳೆಗೂ ತಮ್ಮ ವೇಳೆಗೂ ಹೊಂದಿಕೆಯಾಗಲಿಲ್ಲವಂತೆ! ಮಿದುಳಿನ ಅಲೆಗಳನ್ನು ಅಳೆದು ಅವರ ನಿದ್ರೆಯನ್ನು ಪರೀಕ್ಷಿಸಿದವರು ಯಾರೂ ಇರಲಿಲ್ಲ. ಅವರ ಮಾತೇ ಅದಕ್ಕೆ ಪ್ರಮಾಣ.

ಗ್ರಂಥಾಲಯದಲ್ಲಿದ್ದ ಹಳೆಯ ಪತ್ರಿಕೆಯೊಂದರಲ್ಲಿ ಈ ಫುಲ್ಲರ್ ಅವರ ವಿಷಯವನ್ನು ಓದಿ ಮರುಳಾದವರಲ್ಲಿ ನಾನೂ ಒಬ್ಬ. ಅದು 1986ರ ಮಾತು. ಆಗ ನಾನು ತಿಪಟೂರು ಸೀಮೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಅಂಚೆಯ ಮೂಲಕ ಪಾಠಗಳನ್ನು ತರಿಸಿಕೊಂಡು ಎಂ.ಎ. ಪರೀಕ್ಷೆಗೆ ಓದುತ್ತಿದ್ದೆ. ಹಗಲೆಲ್ಲ ಪಾಠ, ಸಂಜೆ ಮಕ್ಕಳ ನೋಟುಪುಸ್ತಕಗಳು. ಇವುಗಳ ನಡುವೆ ಪಂಪಭಾರತವನ್ನೂ ಶಬ್ದಮಣಿದರ್ಪಣವನ್ನೂ ಓದಲು ವೇಳೆ ಎಲ್ಲಿಂದ ಬರಬೇಕು? ಪರೀಕ್ಷೆಗೆ ಇನ್ನು ನಾಲ್ಕೇ ತಿಂಗಳು ಉಳಿದಿತ್ತು. ನಿದ್ರೆಯೊಂದೇ ನನಗೆ ಕಂಡ ಉಗ್ರಾಣ.

ನಾನು ಹಾಕಿಕೊಂಡ ವೇಳಾಪಟ್ಟಿ ಹೀಗಿತ್ತು: ರಾತ್ರಿ 10ರಿಂದ 1ರವರೆಗೆ ನಿದ್ರೆ, 1ರಿಂದ 5ರವರೆಗೆ ಓದು, 5 ಗಂಟೆಗೆ ಅರ್ಧ ಗಂಟೆಯ ಜೊಂಪು, ಮಧ್ಯಾಹ್ನದ ಬಿಡುವಿನಲ್ಲಿ ಅಧ್ಯಾಪಕರ ಕೊಠಡಿಯ ಬೆಂಚಿನ ಮೇಲೆ ಇನ್ನೊಂದು, ಸಂಜೆ ಮನೆಗೆ ಬಂದ ಮೇಲೆ ಮತ್ತೊಂದು. ಒಟ್ಟು ನಾಲ್ಕೂವರೆ ಗಂಟೆ. ಮೊದಲು ಏಳೂವರೆ ಗಂಟೆ ಮಲಗುತ್ತಿದ್ದವನಿಗೆ ದಿನಕ್ಕೆ ಮೂರು ಗಂಟೆ ಲಾಭ. ನಾಲ್ಕು ತಿಂಗಳಿಗೆ 360 ಗಂಟೆ! ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಅಲಾರಂ ಗಡಿಯಾರವನ್ನು ಎದ್ದು ಹೋಗಿಯೇ ನಿಲ್ಲಿಸಬೇಕಾದಷ್ಟು ದೂರದಲ್ಲಿಟ್ಟೆ.

ಮೊದಲ ಮೂರು ದಿನಗಳ ಉತ್ಸಾಹವನ್ನು ಹೇಳತೀರದು. ಊರೆಲ್ಲ ಮಲಗಿರುವಾಗ ನಾನೊಬ್ಬನೇ ಎದ್ದು ಕುಳಿತಿರುವೆನೆಂಬ ಹೆಮ್ಮೆ ಬೇರೆ. ನಾಲ್ಕನೆಯ ದಿನದಿಂದ ಕಣ್ಣು ಉರಿಯತೊಡಗಿತು. ಒಂದು ವಾರ ಕಳೆಯುವಷ್ಟರಲ್ಲಿ ಸಣ್ಣಪುಟ್ಟ ಮಾತಿಗೂ ಸಿಡುಕತೊಡಗಿದೆ. ಎರಡನೆಯ ವಾರದಲ್ಲಿ ಒಂದು ಸಂಗತಿ ನಡೆಯಿತು. ಓದಿನ ಮುಂದಿನ ಭಾಗವನ್ನು ಆರಂಭಿಸಲೆಂದು ಪುಸ್ತಕ ತೆರೆದೆ. ಆಗಲೇ ಹದಿನೈದು ಪುಟಗಳಷ್ಟು ದೂರ ಪೆನ್ಸಿಲಿನ ಗೆರೆಗಳು ಕಂಡವು. ಅಂಚಿನಲ್ಲಿ ನನ್ನದೇ ಅಕ್ಷರದ ಟಿಪ್ಪಣಿಗಳೂ ಇದ್ದವು. ಆ ಪುಟಗಳನ್ನು ಓದಿದ ನೆನಪು ಮಾತ್ರ ನನಗೆ ಎಳ್ಳಷ್ಟೂ ಇರಲಿಲ್ಲ. ಹಾಗಿದ್ದೂ ನಾನು ಎಚ್ಚರಗೊಳ್ಳಲಿಲ್ಲ. ‘ದೇಹ ಪಳಗುತ್ತಿದೆ’ ಎಂದೇ ಸಮಾಧಾನ ಮಾಡಿಕೊಂಡೆ.

ನಾನು ಬಾಡಿಗೆಗಿದ್ದ ಮನೆಯ ಯಜಮಾನರು ತೆಂಗಿನ ತೋಟವುಳ್ಳ ರೈತರು. ಆ ದಿನಗಳಲ್ಲಿ ಪಂಪುಸೆಟ್ಟಿಗೆ ಕರೆಂಟು ಬರುತ್ತಿದ್ದುದು ಹೆಚ್ಚಾಗಿ ರಾತ್ರಿಯ ವೇಳೆ. ಅವರು ಲಾಟೀನು ಹಿಡಿದು ತೋಟಕ್ಕೆ ನೀರು ಹಾಯಿಸಲು ಹೊರಡುವಾಗ ನನ್ನ ಕೋಣೆಯ ದೀಪವನ್ನು ದಿನವೂ ನೋಡುತ್ತಿದ್ದರು. ಹತ್ತೊಂಬತ್ತನೆಯ ದಿನ, ಶನಿವಾರ ಸಂಜೆ, ನಾನು ಜಗಲಿಯ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಾಗ ಬಂದು ಪಕ್ಕದಲ್ಲಿ ಕುಳಿತರು.

“ಏನು ಮೇಷ್ಟ್ರೇ, ಮೈಗೆ ಹುಷಾರಿಲ್ವೆ? ಕಣ್ಣು ಕೆಂಡದ ಹಾಗಿದೆಯಲ್ಲ” ಎಂದರು. ನಾನು ನನ್ನ ಪ್ರಯೋಗವನ್ನು ಸವಿಸ್ತಾರವಾಗಿ ವಿವರಿಸಿದೆ. “ನೀವೂ ರಾತ್ರಿ ಏಳುವವರೇ ತಾನೆ, ಯಜಮಾನರೇ?” ಎಂದೂ ಸೇರಿಸಿದೆ.

ಅವರು ನಕ್ಕರು. “ನಾನು ಏಳ್ತೀನಿ, ನಿಜ. ರಾತ್ರಿ ಕೆಟ್ಟ ನಿದ್ದೇನ ಊಟ ಆದ ಮೇಲೆ ತೋಟದ ಮನೇಲಿ ಮಲಗಿ ತೀರಿಸಿಬಿಡ್ತೀನಿ. ನೀವು ಬರೀ ಸಾಲ ಮಾಡ್ತಾನೇ ಇದ್ದೀರಿ. ತೀರಿಸೋದು ಯಾವಾಗ?”

ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ಅಲಾರಮ್ಮನ್ನು ತಿರುಗಿಸದೆ ಮಲಗಿದೆ. ಎಚ್ಚರವಾದಾಗ ಹೊತ್ತು ಬಹಳ ಮೇಲೇರಿತ್ತು. ಸುಮಾರು ಹನ್ನೊಂದು ಗಂಟೆಗಳ ಕಾಲ ಮಲಗಿದ್ದೆ. ಮಿಂದು, ತಿಂಡಿ ಮುಗಿಸಿ, ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ದಾಖಲೆ ಪುಸ್ತಕಕ್ಕೆ ಏರಿಸಲೆಂದು ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಪತ್ರಿಕೆ ಕೈಗೆ ಬಂತು. ‘ಮಳೆಗಾಲ’ ಎಂಬ ಪದವನ್ನು ‘ಮಳೆ + ಕಾಲ’ ಎಂದು ಬಿಡಿಸಿ, ‘ಆದೇಶಸಂಧಿ’ ಎಂದು ಅವನು ಸರಿಯಾಗಿಯೇ ಬರೆದಿದ್ದ. ನಾನು ಅದನ್ನು ಕೆಂಪು ಶಾಯಿಯಿಂದ ಹೊಡೆದು ಪಕ್ಕದಲ್ಲಿ ‘ಆಗಮಸಂಧಿ’ ಎಂದು ತಿದ್ದಿದ್ದೆ! ಗಾಬರಿಯಿಂದ ಅಂಕಗಳನ್ನು ಮತ್ತೆ ಕೂಡಿದೆ. ಒಟ್ಟು 43 ಬಂತು. ಪತ್ರಿಕೆಯ ತಲೆಯ ಮೇಲೆ ನಾನು ಬರೆದಿದ್ದುದು 34. ತೇರ್ಗಡೆಗೆ ಬೇಕಾದುದು 35. ನನ್ನ ಕೈಯಲ್ಲಿ ಎರಡು ಅಂಕಿಗಳು ಸ್ಥಾನ ಬದಲಾಯಿಸಿದ್ದರಿಂದ ಹುಡುಗನೊಬ್ಬ ಅನುತ್ತೀರ್ಣನಾಗಿದ್ದ.

ಗುರುವಾರ ಪತ್ರಿಕೆಗಳನ್ನು ತೋರಿಸಿ ಹಿಂದಕ್ಕೆ ಪಡೆದಿದ್ದೆ. ಶುಕ್ರವಾರವೂ ಶನಿವಾರವೂ ಆ ಹುಡುಗ ಶಾಲೆಗೆ ಬಂದಿರಲಿಲ್ಲ ಎಂಬುದು ಆಗ ನೆನಪಾಯಿತು. ಬಿಸಿಲಿನಲ್ಲೇ ಅವನ ಮನೆಗೆ ನಡೆದೆ. ಅವನ ತಂದೆ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ಹುಡುಗ ಪಕ್ಕದಲ್ಲಿ ಕುಳಿತು ಸುಲಿದ ಕಾಯಿಗಳನ್ನು ಎಣಿಸಿ ಗುಡ್ಡೆ ಹಾಕುತ್ತಿದ್ದ.

“ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ” ಎಂದು ತಂದೆ ಮೇಲೆದ್ದರು. “ಕನ್ನಡದಲ್ಲೇ ಫೇಲಾದೋನಿಗೆ ಓದು ಯಾಕೆ ಅಂತ, ಸೋಮವಾರದಿಂದ ಪೇಟೆ ಮಂಡಿಗೆ ಕಳಿಸೋಣ ಅಂತಿದ್ದೀನಿ.”

ನಾನು ನಡೆದುದೆಲ್ಲವನ್ನೂ ಹೇಳಿದೆ. ಅವನ ಅಂಕ 43; ಸಂಧಿಯ ಎರಡು ಅಂಕಗಳನ್ನು ಸೇರಿಸಿದರೆ 45. ತಪ್ಪು ಅವನದಲ್ಲ, ನನ್ನದು ಎಂದೆ. ತಂದೆ ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ನಾನು ಹುಡುಗನ ಕಡೆಗೆ ತಿರುಗಿ, “ಪತ್ರಿಕೆ ಕೈಗೆ ಕೊಟ್ಟಾಗ ನೀನು ಕೂಡಿ ನೋಡಲಿಲ್ಲವೇನಪ್ಪ?” ಎಂದು ಕೇಳಿದೆ.

“ನೋಡಿದೆ ಸಾರ್. ನಲವತ್ತಮೂರೇ ಬಂತು” ಎಂದ ಅವನು ತಲೆ ತಗ್ಗಿಸಿ. “ಆದರೆ ನೀವು ಹಾಕಿದ್ದು ತಪ್ಪಿರುತ್ತೆ ಅಂತ ನಾನು ಹೇಗೆ ಹೇಳಲಿ ಸಾರ್?”

ಆ ಮಾತು ನನ್ನನ್ನು ಚುಚ್ಚಿದಷ್ಟು ಬೇರಾವ ಬೈಗುಳವೂ ಚುಚ್ಚಿರಲಾರದು. ನಾನು ನಿದ್ರೆಯಿಂದ ಮೂರು ಗಂಟೆಗಳನ್ನು ಗಳಿಸುತ್ತಿದ್ದೇನೆಂದು ತಿಳಿದಿದ್ದೆ. ಅದರ ಬೆಲೆಯನ್ನು ತೆರುತ್ತಿದ್ದವನು ಈ ಹುಡುಗ. ಸೋಮವಾರ ಅವನು ಶಾಲೆಗೆ ಬಂದ. ಗೋಡೆಯ ಮೇಲಿನ ವೇಳಾಪಟ್ಟಿಯನ್ನು ನಾನು ಅದಕ್ಕೂ ಮೊದಲೇ ಕಿತ್ತುಹಾಕಿದ್ದೆ.

ನನಗೆ ಹೀಗಾದುದೇಕೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ನಿದ್ರೆಯೆಂದರೆ ದೀಪ ಆರಿಸಿದಂತೆ ಮಿದುಳು ಆರಿಹೋಗುವುದು ಎಂದು ಬಹುಕಾಲ ಜನ ಭಾವಿಸಿದ್ದರು. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ ಅವರು ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ವಿಧಾನವನ್ನು 1929ರಲ್ಲಿ ಪ್ರಕಟಿಸಿದ ಮೇಲೆ, ಮಲಗಿರುವವನ ಮಿದುಳಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಲು ಕಿಟಕಿಯೊಂದು ತೆರೆದಂತಾಯಿತು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥೇನಿಯಲ್ ಕ್ಲೈಟ್‌ಮನ್ ಎಂಬವರು, ನಿದ್ರೆಯ ನಡುನಡುವೆ ಮುಚ್ಚಿದ ರೆಪ್ಪೆಗಳ ಅಡಿಯಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುದನ್ನು ಕಂಡುಹಿಡಿದರು. ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲಿಯೇ.

ಈಗ ತಿಳಿದಿರುವಂತೆ ಇರುಳಿನ ನಿದ್ರೆ ಒಂದೇ ಸಮನಾದುದಲ್ಲ. ಹಗುರವಾದ ನಿದ್ರೆ, ಗಾಢನಿದ್ರೆ, ಕನಸಿನ ನಿದ್ರೆ ಎಂಬ ಹಂತಗಳು ಸುಮಾರು 90 ನಿಮಿಷಗಳಿಗೊಮ್ಮೆ ಸುತ್ತಿ ಸುತ್ತಿ ಬರುತ್ತವೆ. ಇರುಳಿನ ಮೊದಲ ಭಾಗದಲ್ಲಿ ಗಾಢನಿದ್ರೆಯ ಪಾಲು ಹೆಚ್ಚು. ಬೆಳಗಿನ ಜಾವದಲ್ಲಿ ಕನಸಿನ ನಿದ್ರೆಯ ಪಾಲು ಹೆಚ್ಚು. ಮಕ್ಕಳ ಬೆಳವಣಿಗೆಗೆ ಬೇಕಾದ ಹಾರ್ಮೋನು ದೇಹದಲ್ಲಿ ಅಧಿಕವಾಗಿ ಸ್ರವಿಸುವುದು ಗಾಢನಿದ್ರೆಯ ಸಮಯದಲ್ಲಿ. ಹಗಲು ಕಲಿತುದನ್ನು ಮಿದುಳು ಮತ್ತೊಮ್ಮೆ ಹೊರಳಿಸಿ ನೆನಪಿನಲ್ಲಿ ಭದ್ರಪಡಿಸುವುದೂ ನಿದ್ರೆಯಲ್ಲಿಯೇ. ಹಗಲೆಲ್ಲ ಒಕ್ಕಿದ ಧಾನ್ಯವನ್ನು ರಾತ್ರಿ ಕಣಜಕ್ಕೆ ತುಂಬುವ ಕೆಲಸವದು. ನಾನು ಓದಿ ಗೆರೆ ಎಳೆದ ಹದಿನೈದು ಪುಟಗಳು ಕಣಜ ಸೇರದೆ ಕಣದಲ್ಲಿಯೇ ಚೆಲ್ಲಿಹೋಗಿದ್ದವು. 20 ನಿಮಿಷದ ಆರು ಜೊಂಪುಗಳಲ್ಲಿ ಈ ಹಂತಗಳೆಲ್ಲ ತಮ್ಮ ತಮ್ಮ ಪಾಲನ್ನು ಪಡೆಯುವುದು ಸಾಧ್ಯವಿಲ್ಲ. ನಿದ್ರೆಯಲ್ಲಿ ತೂರಬಹುದಾದ ಹೊಟ್ಟು ಎಂಬುದೇ ಇಲ್ಲ, ಎಲ್ಲವೂ ಕಾಳೇ.

ಇನ್ನೊಂದು ತೊಡಕೂ ಉಂಟು. ನಮ್ಮ ದೇಹದೊಳಗೇ ಒಂದು ಗಡಿಯಾರವಿದೆ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ ಹಗಲಿನಲ್ಲಿ ಎಲೆ ಬಿಚ್ಚಿ ಇರುಳಿನಲ್ಲಿ ಮುಚ್ಚುವ ಮುಟ್ಟಿದರೆ ಮುನಿಯ ಜಾತಿಯ ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದ. ಬೆಳಕೇ ಕಾಣದಿದ್ದರೂ ಗಿಡವು ಹೊತ್ತಿಗೆ ಸರಿಯಾಗಿ ಎಲೆಗಳನ್ನು ಬಿಚ್ಚಿ ಮುಚ್ಚುತ್ತಿತ್ತು. ಮೇಲೆ ಹೇಳಿದ ಕ್ಲೈಟ್‌ಮನ್ ಅವರು 1938ರಲ್ಲಿ ತಮ್ಮ ಶಿಷ್ಯ ಬ್ರೂಸ್ ರಿಚರ್ಡ್‌ಸನ್ ಅವರೊಡನೆ ಅಮೆರಿಕದ ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಯಲ್ಲಿ 32 ದಿನಗಳನ್ನು ಕಳೆದರು. ಸೂರ್ಯನ ಬೆಳಕು ಸುಳಿಯದ ಆ ಗುಹೆಯಲ್ಲಿ ಅವರು ದಿನಕ್ಕೆ 24ರ ಬದಲು 28 ಗಂಟೆಗಳನ್ನಿಟ್ಟುಕೊಂಡು ಬದುಕಲು ಯತ್ನಿಸಿದರು. ಕಿರಿಯನಾದ ಶಿಷ್ಯನು ಹೊಸ ದಿನಕ್ಕೆ ಹೊಂದಿಕೊಂಡ. ಕ್ಲೈಟ್‌ಮನ್ ಅವರ ದೇಹವಾದರೋ ಹಳೆಯ 24 ಗಂಟೆಯ ತಾಳವನ್ನು ಬಿಡಲೇ ಇಲ್ಲ. ನಮ್ಮ ದೇಶದ ಎಂ. ಕೆ. ಚಂದ್ರಶೇಖರನ್ ಅವರು ಮಧುರೈಯಲ್ಲಿ ಗುಹೆಯ ಬಾವಲಿಗಳ ದಿನಚರಿಯನ್ನು ಅಭ್ಯಸಿಸಿ ಈ ಒಳಗಿನ ಗಡಿಯಾರದ ವಿಷಯದಲ್ಲಿ ಹೆಸರಾದರು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಕೆಲಸ ಮಾಡಿದರು. ಜೀವಕೋಶಗಳೊಳಗೆ ಈ ಗಡಿಯಾರ ನಡೆಯುವ ರೀತಿಯನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗಡಿಯಾರವು ಇರುಳನ್ನು ನಿದ್ರೆಗೆಂದು ಗೊತ್ತುಮಾಡಿರುವಾಗ, ಗೋಡೆಗೆ ಅಂಟಿಸಿದ ವೇಳಾಪಟ್ಟಿಯಿಂದ ಅದನ್ನು ಬೆದರಿಸಲಾಗದು.

ಕೆಲವು ವೇಳೆ ಛಲವು ಇದನ್ನೂ ಮೀರಿದಂತೆ ತೋರುವುದುಂಟು. ಅಮೆರಿಕದ ಸ್ಯಾನ್ ಡೀಗೋ ನಗರದ ರ‍್ಯಾಂಡಿ ಗಾರ್ಡನರ್ ಎಂಬ 17 ವರ್ಷದ ವಿದ್ಯಾರ್ಥಿ ಶಾಲಾ ವಿಜ್ಞಾನ ಪ್ರದರ್ಶನಕ್ಕಾಗಿ 1963ರ ಡಿಸೆಂಬರಿನಿಂದ 1964ರ ಜನವರಿಯವರೆಗೆ 264 ಗಂಟೆ, ಅಂದರೆ 11 ದಿನ, ನಿದ್ರೆಯಿಲ್ಲದೆ ಕಳೆದ. ಕೊನೆಯ ದಿನ ಅವನಿಗೆ 100ರಿಂದ ಏಳೇಳನ್ನು ಕಳೆಯುತ್ತ ಹೋಗೆಂದು ಹೇಳಿದರು. 65ಕ್ಕೆ ಬಂದು ಅವನು ನಿಂತುಬಿಟ್ಟ. ಏಕೆಂದು ಕೇಳಿದರೆ, ತಾನು ಏನು ಮಾಡುತ್ತಿದ್ದೆನೆಂಬುದೇ ಮರೆತುಹೋಯಿತೆಂದ. ಅವನು ಆಮೇಲೆ ಚೇತರಿಸಿಕೊಂಡನಾದರೂ, ವಯಸ್ಸಾದ ಮೇಲೆ ತೀವ್ರವಾದ ನಿದ್ರಾಹೀನತೆಯಿಂದ ಬಳಲಿದುದಾಗಿ ಹೇಳಿಕೊಂಡಿದ್ದಾನೆ. ಇಂಥ ಸಾಹಸಗಳು ಅಪಾಯಕರವೆಂದು ಗಿನ್ನೆಸ್ ದಾಖಲೆಯವರು ಈ ಬಗೆಯ ದಾಖಲೆಗಳನ್ನು ಸ್ವೀಕರಿಸುವುದನ್ನೇ ಮುಂದೆ ನಿಲ್ಲಿಸಿದರು.

ಎಲ್ಲಕ್ಕಿಂತ ಎಚ್ಚರಿಕೆ ಹುಟ್ಟಿಸುವ ಸಂಗತಿ ಬೇರೆಯೇ ಇದೆ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆರೋಗ್ಯವಂತರಾದ ಜನರನ್ನು 14 ದಿನಗಳ ಕಾಲ ದಿನಕ್ಕೆ 4, 6 ಅಥವಾ 8 ಗಂಟೆ ಮಾತ್ರ ಮಲಗಲು ಬಿಟ್ಟರು. 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಚುರುಕು ದಿನದಿನಕ್ಕೆ ಕುಂದುತ್ತ ಹೋಗಿ, ಒಂದೆರಡು ರಾತ್ರಿ ಪೂರ್ತಿಯಾಗಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿಯಿತು. ಆದರೆ ಅವರಿಗೆ ತಾವು ಅಷ್ಟು ಕೆಟ್ಟಿದ್ದೇವೆಂಬ ಅರಿವು ಹೆಚ್ಚಾಗಿ ಇರಲೇ ಇಲ್ಲ! ಹಣದ ಸಾಲವಾದರೆ ಸಾಲಗಾರ ಬಂದು ಬಾಗಿಲು ತಟ್ಟಿ ನೆನಪಿಸುತ್ತಾನೆ. ನಿದ್ರೆಯ ಸಾಲ ಮಾಡಿದವನಿಗೆ ಲೆಕ್ಕ ನೋಡುವ ಕಣ್ಣೇ ಮಂಕಾಗಿರುತ್ತದೆ. 43ನ್ನು 34 ಎಂದು ಬರೆದಾಗ ನನಗೂ ಅದು ಸರಿಯಾಗಿಯೇ ಕಂಡಿತ್ತು. ನಿದ್ದೆಗೆಟ್ಟು ಬಸ್ಸು ಲಾರಿಗಳನ್ನು ಓಡಿಸುವವನ ರೆಪ್ಪೆ ಕ್ಷಣಕಾಲ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಅಲ್ಲಿ ತಪ್ಪನ್ನು ತಿದ್ದಲು ಭಾನುವಾರದ ಬಿಡುವು ದೊರೆಯುವುದಿಲ್ಲ.

ಹಾಗಾದರೆ ನಿದ್ರೆಯನ್ನು ತುಂಡು ಮಾಡುವುದೇ ತಪ್ಪೇ? ಹಾಗೆ ಹೇಳುವಂತಿಲ್ಲ. ಹಿಂದಿನ ಕಾಲದ ಐರೋಪ್ಯರು ಮುಸ್ಸಂಜೆಯ ಬಳಿಕ ‘ಮೊದಲ ನಿದ್ರೆ’ ಮುಗಿಸಿ, ನಡುರಾತ್ರಿಯಲ್ಲಿ ಸ್ವಲ್ಪ ಹೊತ್ತು ಎದ್ದಿದ್ದು, ಮತ್ತೆ ‘ಎರಡನೆಯ ನಿದ್ರೆ’ಗೆ ಜಾರುತ್ತಿದ್ದರೆಂಬುದನ್ನು ಅಮೆರಿಕದ ಇತಿಹಾಸಕಾರ ರೋಜರ್ ಎಕರ್ಚ್ ಹಳೆಯ ದಿನಚರಿಗಳಿಂದಲೂ ನ್ಯಾಯಾಲಯದ ಕಡತಗಳಿಂದಲೂ ಸಂಗ್ರಹಿಸಿ 2001ರಲ್ಲಿ ವಿವರಿಸಿದರು. ಬೇಸಗೆಯಲ್ಲಿ ಹಗಲುನಿದ್ರೆ ಸಲ್ಲುತ್ತದೆ ಎಂದು ಚರಕನೂ ಒಪ್ಪಿದ್ದಾನೆ. ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರು 2012–13ರಲ್ಲಿ ‘ಮ್ಹಾದೇಯಿ’ ಎಂಬ ಹಾಯಿದೋಣಿಯಲ್ಲಿ, ಎಲ್ಲಿಯೂ ನಿಲ್ಲದೆ, ಏಕಾಂಗಿಯಾಗಿ ಭೂಮಂಡಲವನ್ನು ಸುತ್ತಿ ಬಂದ ಮೊದಲ ಭಾರತೀಯರೆನಿಸಿದರು. ಗಾಳಿ ಯಾವಾಗ ತಿರುಗುವುದೋ, ಹಡಗು ಯಾವ ದಿಕ್ಕಿನಿಂದ ಎದುರಾಗುವುದೋ ಎಂದು ಕಾಯಬೇಕಾದ ಒಂಟಿ ನಾವಿಕನಿಗೆ ತುಂಡುನಿದ್ರೆಯಲ್ಲದೆ ಅನ್ಯಮಾರ್ಗವಿಲ್ಲ. ಎಳೆಗೂಸಿನ ತಾಯಿಯ ಪಾಡೂ ಅದೇ. ತೋಟಕ್ಕೆ ನೀರು ಹಾಯಿಸುವ ರೈತನ ಪಾಡೂ ಅದೇ. ಆದರೆ ಇವರೆಲ್ಲ ನಿದ್ರೆಯನ್ನು ಹಂಚಿಕೊಳ್ಳುವುದು ಅನಿವಾರ್ಯದಿಂದ. ಅದು ಮುಗಿದೊಡನೆ ನಿದ್ರೆಯ ಬಾಕಿಯನ್ನು ತೀರಿಸಲು ನೋಡುತ್ತಾರೆ. ಗಣಿತದ ಮಾತಿನಲ್ಲಿ ಹೇಳುವುದಾದರೆ, ನಿದ್ರೆಯ ಭಾಗಾಕಾರ ಬೇರೆ, ವ್ಯವಕಲನ ಬೇರೆ. ನಮ್ಮ ಯಜಮಾನರು ಮಾಡುತ್ತಿದ್ದುದು ಭಾಗಾಕಾರ. ನಾನು ಭಾಗಾಕಾರದ ಹೆಸರಿನಲ್ಲಿ ಮಾಡಿದುದು ವ್ಯವಕಲನ. ಅಮೆರಿಕದ ನಿದ್ರಾತಜ್ಞರ ಸಮಿತಿಯೊಂದು ಈ ವಿಷಯದ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ತುಂಡುನಿದ್ರೆಯ ಇಂಥ ವೇಳಾಪಟ್ಟಿಗಳಿಂದ ಪ್ರಯೋಜನವಾಗುವುದಕ್ಕೆ ಆಧಾರವಿಲ್ಲವೆಂದೂ, ಅವು ಆರೋಗ್ಯಕ್ಕೂ ಕಾರ್ಯಕ್ಷಮತೆಗೂ ಹಾನಿಕರವೆಂದೂ 2021ರಲ್ಲಿ ತೀರ್ಮಾನ ಕೊಟ್ಟಿತು.

ವಿದ್ಯಾರ್ಥಿಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂಬುದು ತಜ್ಞವೈದ್ಯರ ಅಭಿಮತ. ಪರೀಕ್ಷೆ ಹತ್ತಿರವಾದಂತೆ, ರಾತ್ರಿಯಿಡೀ ದೀಪ ಉರಿಸಿದವನೇ ಹೆಚ್ಚು ಓದಿದವನೆಂಬ ಭ್ರಮೆ ಮನೆಮನೆಗಳಲ್ಲಿ ಹುಟ್ಟಿಕೊಳ್ಳುತ್ತದೆ. ಈಗಂತೂ ಪುಸ್ತಕದ ಜಾಗಕ್ಕೆ ಮೊಬೈಲು ಬಂದಿದೆ. ಕಣ್ಣೆದುರಿನ ಅದರ ಬೆಳಕು ಇನ್ನೂ ಇರುಳಾಗಿಲ್ಲವೆಂದು ಒಳಗಿನ ಗಡಿಯಾರಕ್ಕೆ ಸುಳ್ಳು ಹೇಳುತ್ತದೆ. ಸಂಜೆ ಮನಸ್ಸಿಟ್ಟು ಓದಿ, ಹೊತ್ತಿಗೆ ಸರಿಯಾಗಿ ಮಲಗಿ ಎದ್ದವನಿಗೆ ನೆನಪಿನ ಕಣಜ ತುಂಬಿರುತ್ತದೆ. ಅವನು ಓದಿದುದು ಎರಡು ಪುಟ ಕಡಿಮೆಯಿರಬಹುದು. ಪರೀಕ್ಷೆಯ ಕೊಠಡಿಯಲ್ಲಿ ಅವನ ಕೈಗೆ ಸಿಗುವುದು ಮಾತ್ರ ಹೆಚ್ಚು.

ಆ ಹುಡುಗ ಮುಂದಿನ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿ ತೇರ್ಗಡೆಯಾದ. ನಾನೂ ಎಂ.ಎ. ಪರೀಕ್ಷೆಯಲ್ಲಿ ಉತ್ತೀರ್ಣನಾದೆ, ನಿರೀಕ್ಷಿಸಿದುದಕ್ಕಿಂತ ಒಂದು ವರ್ಷ ತಡವಾಗಿ. ಆ ತಡಕ್ಕಾಗಿ ನಾನೆಂದೂ ವ್ಯಥೆಪಟ್ಟಿಲ್ಲ. ನಿವೃತ್ತನಾಗುವವರೆಗೂ ಒಂದು ನಿಯಮವನ್ನು ಮಾತ್ರ ತಪ್ಪದೆ ಪಾಲಿಸಿದೆ: ರಾತ್ರಿ 10 ಗಂಟೆಯ ಮೇಲೆ ಯಾವ ಮಗುವಿನ ಉತ್ತರಪತ್ರಿಕೆಯನ್ನೂ ತೆರೆಯುತ್ತಿರಲಿಲ್ಲ, ಹಿಂದಿನ ದಿನ ಕೂಡಿದ ಅಂಕಗಳನ್ನು ಬೆಳಗ್ಗೆ ಎದ್ದು ಮತ್ತೊಮ್ಮೆ ಕೂಡುತ್ತಿದ್ದೆ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅರ್ಜುನನಿಗೆ ‘ಗುಡಾಕೇಶ’ ಎಂಬ ಹೆಸರು ಏಕೆ ಬಂತು?
2. ಫುಲ್ಲರ್ ಅವರು ತಮ್ಮ ಪ್ರಯೋಗವನ್ನು ಕೈಬಿಡಲು ಕೊಟ್ಟ ಕಾರಣವೇನು?
3. ದ ಮೆರಾನ್ ಗಿಡವನ್ನು ಕತ್ತಲೆಯಲ್ಲಿಟ್ಟಾಗ ಏನನ್ನು ಕಂಡ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಇರುಳಿನ ನಿದ್ರೆಯ ಹಂತಗಳನ್ನು ವಿವರಿಸಿರಿ.
2. ‘ನಿದ್ರೆಯ ಭಾಗಾಕಾರ ಬೇರೆ, ವ್ಯವಕಲನ ಬೇರೆ’ ಎಂಬ ಮಾತನ್ನು ಉದಾಹರಣೆಗಳೊಡನೆ ಸ್ಪಷ್ಟಪಡಿಸಿರಿ.

ಇ. ಸಂದರ್ಭವನ್ನು ಸೂಚಿಸಿ ವಿವರಿಸಿರಿ.
1. “ನೀವು ಬರೀ ಸಾಲ ಮಾಡ್ತಾನೇ ಇದ್ದೀರಿ.”
2. “ನೀವು ಹಾಕಿದ್ದು ತಪ್ಪಿರುತ್ತೆ ಅಂತ ನಾನು ಹೇಗೆ ಹೇಳಲಿ ಸಾರ್?”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಮಳೆಗಾಲ, ಅತ್ಯಗತ್ಯ, ಮನೆಯನ್ನು, ಮೃಷ್ಟಾನ್ನ